ಕೋಟೆ ಕಾಣದವನ ಶ್ರೀರಂಗಪಟ್ಟಣ

ಬ್ರಿಟಿಷ್ ಲೇಖಕರ ಮನೆ, ಹಳ್ಳಿ, ಕಡಲ ದಂಡೆಗಳನ್ನು ಸುತ್ತಿ ತೋರಿಸುವ ಟಿ.ವಿ. ಕಾರ್ಯಕ್ರಮಗಳಂಥದ್ದನ್ನು ನಮ್ಮ ಮಂಡ್ಯ ಸೀಮೆಯಲ್ಲಿ ಮಾಡಹೊರಟರೆ ವಿಳಾಸ ಹುಡುಕುವ ಕಷ್ಟ ಕಡಿಮೆ. ಕೆ.ಎಸ್.ನ. ಅವರ ‘ಕೆ’ ಎಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ, ಎ.ಎನ್. ಮೂರ್ತಿರಾಯರ ‘ಎ’ ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳು, ಬಿ.ಎಂ.ಶ್ರೀ ಅವರ ‘ಬಿ’ ನಾಗಮಂಗಲದ ಬೆಳ್ಳೂರು. ಪು.ತಿ.ನ. ಹೆಸರಿನಲ್ಲಿ ಊರಿಲ್ಲ, ಆದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಬೇರೆ ಗುರುತು ಬೇಕೇ? ತಕರಾರಿರುವುದು ಶ್ರೀರಂಗಪಟ್ಟಣದ್ದು. ಅದನ್ನು ಇಂಗ್ಲಿಷ್ ಕಾದಂಬರಿಯಲ್ಲಿ ಹೆಸರುವಾಸಿ ಮಾಡಿದ ವಿಲ್ಕಿ ಕಾಲಿನ್ಸ್ ಇಂಡಿಯಾಕ್ಕೆ ಕಾಲಿಟ್ಟವನೇ ಅಲ್ಲ.

1868ರಲ್ಲಿ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ದಿ ಮೂನ್‌ಸ್ಟೋನ್’ ಶುರುವಾಗುವುದೇ 1799ರ ಕೋಟೆ ಮುತ್ತಿಗೆಯಿಂದ. ಟಿಪ್ಪುವಿನ ಬಾಕುವಿನ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ಲಪಟಾಯಿಸುತ್ತಾನೆ. ವಜ್ರ ಕಲ್ಪಿತ. ಮಿಕ್ಕದ್ದನ್ನು ಕಾಲಿನ್ಸ್ ಎಲ್ಲಿಂದ ಎತ್ತಿದ ಎಂಬುದೇ ನನ್ನ ಹುಡುಕಾಟ. ವಿದ್ವಾಂಸರು ಬೊಟ್ಟುಮಾಡುವುದು ಥಿಯೋಡೋರ್ ಹುಕ್ 1832ರಲ್ಲಿ ಪ್ರಕಟಿಸಿದ ಜನರಲ್ ಡೇವಿಡ್ ಬೇರ್ಡ್‌ನ ಜೀವನಚರಿತ್ರೆಯ ಕಡೆಗೆ.

ಬೇರ್ಡ್ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮೇಲೆ ಬಂದಿಯಾಗಿದ್ದವನು. 1799ರ ಮೇ 4ರ ಮಧ್ಯಾಹ್ನ ಕಾವೇರಿ ಹಾಯ್ದು ಕೋಟೆಗೆ ನುಗ್ಗಿದ ಪಡೆಯ ಮುಂದಾಳೂ ಅವನೇ. ಸಂಜೆ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯಿಂದ ಟಿಪ್ಪುವಿನ ದೇಹ ಹುಡುಕಿ ತೆಗೆಸಿದ್ದು ಅವನ ಸಮ್ಮುಖದಲ್ಲೇ. ಕಾದಂಬರಿಯೂ ಇಲ್ಲಿಯವರೆಗೆ ದಾಖಲೆಗೆ ಅಂಟಿಕೊಂಡೇ ನಡೆಯುತ್ತದೆ. ಮರುದಿನ ಬೆಳಿಗ್ಗೆ ಕಥೆ ಜಾರುತ್ತದೆ. ಕೊಳ್ಳೆ ಹೊಡೆದವನು ಯಾರೇ ಆಗಲಿ ನೇಣಿಗೆ ಹಾಕುತ್ತೇನೆಂದು ಬೇರ್ಡ್ ಡಂಗುರ ಹೊಡೆಸಿದ ಎನ್ನುತ್ತದೆ ಕಾದಂಬರಿ. ಆದರೆ ಮೇ 5ರ ಬೆಳಿಗ್ಗೆ ಅಧಿಕಾರ ಆರ್ಥರ್ ವೆಲ್ಲೆಸ್ಲಿಯ ಕೈಗೆ ಹೋಗಿತ್ತು. ನೇಣು, ಚಾವಟಿ ಹಿಡಿದು ಊರನ್ನು ಹದ್ದುಬಸ್ತಿಗೆ ತಂದದ್ದು ತಾನೆಂದು ಅವನು ಮೇ 8ರಂದು ಗವರ್ನರ್ ಜನರಲ್ ಆಗಿದ್ದ ಅಣ್ಣನಿಗೆ ಬರೆದ ಕಾಗದವಿದೆ. ಗೆದ್ದ ಕೋಟೆಯನ್ನು ತನ್ನಿಂದ ಕಿತ್ತು ಕಿರಿಯನಿಗೆ ಕೊಟ್ಟರೆಂಬ ಸಂಕಟ ಬೇರ್ಡ್‌ನಿಗೆ ಕೊನೆತನಕ ಇತ್ತು. ಹುಕ್ ಬರೆದದ್ದು ಅವನ ಪಕ್ಷ ವಹಿಸಿ. ಆ ಪುಸ್ತಕ ಓದಿ ಎದ್ದವನ ಮುನ್ನುಡಿ ಅಧ್ಯಾಯದಲ್ಲಿ ವೆಲ್ಲೆಸ್ಲಿ ಸುಳಿಯದಿರುವುದು ಆಕಸ್ಮಿಕವೆಂದು ನನಗಂತೂ ಅನ್ನಿಸುವುದಿಲ್ಲ.

ಇನ್ನೂ ದೊಡ್ಡ ಲೋಪ ಕಾಣಬೇಕಾದರೆ ಜಾಗಕ್ಕೇ ಹೋಗಬೇಕು. ವಜ್ರವನ್ನು ಕಾಯುವಂತೆ ವಿಷ್ಣು ಮೂವರು ಬ್ರಾಹ್ಮಣರ ಕನಸಿನಲ್ಲಿ ಬಂದು ಅಪ್ಪಣೆ ಕೊಡುತ್ತಾನೆ. ಕಾದಂಬರಿ ಪೂರ್ತಿ ನಿಂತಿರುವುದು ಆ ಅಪ್ಪಣೆಯ ಮೇಲೆ. ವಜ್ರ ಕದ್ದ ಅರಮನೆಯಾದರೆ ಲಾಲ್ ಮಹಲ್ ಎಂದುಕೊಳ್ಳಬೇಕು. ಈಗ ಉಳಿದಿರುವ ಅದರ ಅಡಿಪಾಯದಿಂದ ತಲೆ ಎತ್ತಿದರೆ ರಂಗನಾಥಸ್ವಾಮಿಯ ಗೋಪುರ! ಟಿಪ್ಪು ಬೆಳ್ಳಿ ಪಾತ್ರೆ ಒಪ್ಪಿಸಿದ ದೇವಸ್ಥಾನ ಅದು. ಅಷ್ಟು ಹತ್ತಿರ ಮಲಗಿರುವ ವಿಷ್ಣುವನ್ನು ಬಿಟ್ಟು ಕಾಲಿನ್ಸ್ ದೇವರನ್ನು ಸೋಮನಾಥ, ಕಾಶಿಗಳಿಂದ ಕರೆಸಿದ. ಒಮ್ಮೆ ಬಂದು ನೋಡಿದ್ದರೆ ಹೀಗೆ ಬರೆಯುತ್ತಿದ್ದನೇ?

ಲಂಡನ್ನಿನವರಿಗೆ ಇಲ್ಲಿಗೆ ಬರುವ ತುರ್ತೂ ಇರಲಿಲ್ಲವೆನ್ನಿ. 1800ರಲ್ಲೇ ರಾಬರ್ಟ್ ಕೆರ್ ಪೋರ್ಟರ್ ಕೋಟೆ ಮುತ್ತಿಗೆಯ ದೈತ್ಯ ಚಿತ್ರವನ್ನು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದ. ಸಿಪಾಯಿಯ ಮೇಲೆರಗಿದ ಟಿಪ್ಪುವಿನ ಮರದ ಹುಲಿ ಕಂಪನಿಯ ಕಚೇರಿಯಲ್ಲಿ ಗರ್ಜಿಸುತ್ತಿತ್ತು. ಕೀಟ್ಸ್ ಕೂಡ ಅದನ್ನು ಒಂದು ಕವನದೊಳಕ್ಕೆ ಎಳೆದು ತಂದ.

ಟಿ.ವಿ.ಯವರು ಇಂಡಿಯಾಕ್ಕೆ ಬಂದದ್ದುಂಟು. ಬರ್ನಾರ್ಡ್ ಕಾರ್ನ್‌ವೆಲ್‌ನ ‘ಶಾರ್ಪ್ಸ್ ಟೈಗರ್’ (1997) ಇದೇ ಮುತ್ತಿಗೆಯ ಕಾದಂಬರಿ. ಅದರಿಂದ ಒಂದಿಷ್ಟು ಎತ್ತಿಕೊಂಡು 2006ರಲ್ಲಿ ‘ಶಾರ್ಪ್ಸ್ ಚಾಲೆಂಜ್’ ಎಂಬ ಟಿ.ವಿ. ಚಿತ್ರ ಮಾಡಿದರು. ಶೂಟಿಂಗ್ ನಡೆದದ್ದು ರಾಜಸ್ಥಾನದಲ್ಲಿ. ಕೋಟೆಗೆ ಇಟ್ಟ ಹೆಸರು ಫೆರ್ರಘುರ್.