ಗಡಿನಾಡಿನಲ್ಲಿ ಇತಿಹಾಸ ಬೋಧನೆಯೂ ಮೂರು ಭಾಷೆಗಳ ಶಬ್ದಗಳೂ

ಇತಿಹಾಸವನ್ನು ಕಲಿಯುವುದೆಂದರೆ ಬಹುಮಟ್ಟಿಗೆ ಶಬ್ದಗಳನ್ನು ಕಲಿಯುವುದೇ ಆಗಿದೆ. ಗಣಿತದ ಉಪಾಧ್ಯಾಯರಿಗೆ ಅಂಕೆಗಳ ಆಸರೆಯುಂಟು. ವಿಜ್ಞಾನದವರಿಗೆ ಪ್ರಯೋಗದ ಆಸರೆಯುಂಟು. ಕಣ್ಮರೆಯಾದ ಕಾಲವನ್ನು ಮಕ್ಕಳ ಮುಂದೆ ನಿಲ್ಲಿಸಬೇಕಾದ ನಮಗಾದರೋ ಶಬ್ದವೇ ಮುಖ್ಯ ಸಾಧನ. ಅದು ತಿಳಿಯದಿದ್ದರೆ ಪಾಠವು ಬರಿಯ ಬಾಯಿಪಾಠವಾಗಿ, ಪರೀಕ್ಷೆಯ ಮರುದಿನ ಮರೆತುಹೋಗುವುದು.

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಈ ಕಷ್ಟ ಇಮ್ಮಡಿಯಾದುದು. ಮನೆಯ ಮಾತು ಕನ್ನಡ, ಆಡಳಿತದ ಮಾತು ತೆಲುಗು, ಪ್ರೌಢಶಾಲೆಯ ಪುಸ್ತಕದ ಮಾತು ಇಂದು ಬಹುತೇಕ ಇಂಗ್ಲಿಷ್. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲತೆ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಹೇಳುತ್ತದೆ. ಆದರೆ ಪ್ರಾಥಮಿಕ ಹಂತವನ್ನು ದಾಟಿದ ಮಗುವಿನ ಗತಿಯೇನು? ಆಂಧ್ರಪ್ರದೇಶದಲ್ಲಿ 2020-21ರಿಂದ ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ತೆಲುಗು ಇರುವ ದ್ವಿಭಾಷಾ ಪಠ್ಯಪುಸ್ತಕಗಳು ಬಂದವು. ತೆಲುಗು ಮಕ್ಕಳಿಗೆ ಇದರಿಂದಾದ ಉಪಕಾರ ದೊಡ್ಡದು. ಕನ್ನಡದ ಮಗುವಾದರೋ ಎರಡು ಪುಟಗಳ ನಡುವೆ ಮೂರನೆಯದೊಂದು ಪುಟವನ್ನು ತನ್ನ ಮನಸ್ಸಿನಲ್ಲಿಯೇ ಬರೆದುಕೊಳ್ಳಬೇಕಾಗಿದೆ. ಆ ಪುಟವನ್ನು ಸರಿಯಾಗಿ ಬರೆಯಿಸುವುದು ಉಪಾಧ್ಯಾಯರ ಕೆಲಸ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮಗುವನ್ನು ದಾರಿ ತಪ್ಪಿಸುವುದು ದೂರದ ಇಂಗ್ಲಿಷ್ ಅಷ್ಟಾಗಿ ಅಲ್ಲ, ನೆರೆಯ ತೆಲುಗೇ. ಅಪರಿಚಿತ ಇಂಗ್ಲಿಷ್ ಶಬ್ದವನ್ನು ಕಂಡ ಮಗು ಅರ್ಥವೇನೆಂದು ಕೇಳುತ್ತದೆ. ಪರಿಚಿತವೆಂದು ತೋರುವ ತೆಲುಗು ಶಬ್ದವನ್ನು ಕೇಳದೆಯೇ ತಪ್ಪಾಗಿ ತಿಳಿಯುತ್ತದೆ. ತೆಲುಗಿನಲ್ಲಿ ‘ಜಾತೀಯ ಉದ್ಯಮಂ’ ಎಂದರೆ ರಾಷ್ಟ್ರೀಯ ಚಳವಳಿ. ಕನ್ನಡದಲ್ಲಿ ‘ಜಾತೀಯ’ ಎಂದರೆ ಜಾತಿಗೆ ಸೇರಿದ್ದು, ‘ಉದ್ಯಮ’ವೆಂದರೆ ವ್ಯಾಪಾರ ಕೈಗಾರಿಕೆ. ಗಾಂಧೀಜಿ ನಡೆಸಿದ ಹೋರಾಟವನ್ನು ಮಗುವು ಯಾವುದೋ ಜಾತಿಯವರ ಕಸಬೆಂದು ತಿಳಿದರೆ ತಪ್ಪು ಯಾರದು? ಹಾಗೆಯೇ ತೆಲುಗಿನ ‘ಪರಿಶ್ರಮ’ ನಮ್ಮ ಕೈಗಾರಿಕೆ. ನಮ್ಮ ಪರಿಶ್ರಮವಾದರೋ ದುಡಿಮೆ. ತೆಲುಗಿನ ‘ಪಾರಿಶ್ರಾಮಿಕ ವಿಪ್ಲವಂ’ ನಮ್ಮ ಕೈಗಾರಿಕಾ ಕ್ರಾಂತಿ. ‘ಪ್ರಭುತ್ವಂ’ ಎಂದರೆ ಅವರಲ್ಲಿ ಸರ್ಕಾರ. 1953ರ ಅಕ್ಟೋಬರ್ 1ರಂದು ‘ಆಂಧ್ರ ರಾಷ್ಟ್ರಂ’ ಉದಯಿಸಿತೆಂದು ತೆಲುಗು ಪುಸ್ತಕದಲ್ಲಿ ಓದಿದ ಕನ್ನಡದ ಮಗು, ಅಂದು ಒಂದು ಹೊಸ ದೇಶವೇ ಹುಟ್ಟಿತೆಂದು ಭಾವಿಸುವುದು ಸಹಜ. ತೆಲುಗಿನ ರಾಷ್ಟ್ರಂ ನಮ್ಮ ರಾಜ್ಯ; ನಮ್ಮ ರಾಷ್ಟ್ರವು ಇಂಗ್ಲಿಷಿನ ನೇಷನ್. ಅದೇ ದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವೆಂಬುದನ್ನು ನೆನೆದರೆ, ಈ ಒಂದು ಶಬ್ದದ ಸರಿಯಾದ ಅರ್ಥವು ನಮ್ಮ ಮಕ್ಕಳಿಗೆ ಎಷ್ಟು ಹತ್ತಿರದ ವಿಷಯವೆಂಬುದು ತಿಳಿಯುತ್ತದೆ.

ಎರಡು ಭಾಷೆಗಳೂ ಸಂಸ್ಕೃತದಿಂದ ಒಂದೇ ಶಬ್ದವನ್ನು ತೆಗೆದುಕೊಂಡು ಬೇರೆ ಬೇರೆ ಕೆಲಸಕ್ಕೆ ಹಚ್ಚಿದುದೇ ಇದಕ್ಕೆ ಕಾರಣ. ಇದರಲ್ಲಿ ಯಾವ ಭಾಷೆಯ ದೋಷವೂ ಇಲ್ಲ. ಇಂತಹ ಸ್ಥಳದಲ್ಲಿ ಇಂಗ್ಲಿಷ್ ಶಬ್ದವೇ ತೀರ್ಪುಗಾರನಂತೆ ನಿಲ್ಲಬಲ್ಲುದು. ನೇಷನ್, ಸ್ಟೇಟ್, ಗೌರ್ನ್‌ಮೆಂಟ್, ಮೂವ್‌ಮೆಂಟ್ ಎಂಬ ನಾಲ್ಕು ಶಬ್ದಗಳನ್ನು ಬರೆದು, ಪ್ರತಿಯೊಂದರ ಕೆಳಗೆ ಕನ್ನಡದ ಮಾತನ್ನೂ ತೆಲುಗಿನ ಮಾತನ್ನೂ ಎದುರುಬದುರಾಗಿ ಬರೆಯಿಸಿದರೆ ಮೂರೂ ಭಾಷೆಗಳು ಒಮ್ಮೆಗೇ ಸ್ಪಷ್ಟವಾಗುತ್ತವೆ.

ಇನ್ನು ಇಂಗ್ಲಿಷಿನ ಇತಿಹಾಸ ಶಬ್ದಗಳೆಲ್ಲ ಪರಕೀಯವೆಂದು ಮಕ್ಕಳು ಅಂಜಬೇಕಾದುದಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ತನ್ನಲ್ಲಿದ್ದ ಕಂಪೆನಿಯ ಸೈನ್ಯದ ವೆಚ್ಚಕ್ಕೆ ಪ್ರತಿಯಾಗಿ ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟನು. 1800ರಿಂದ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರನ್ನು ಹತ್ತಿಕ್ಕಿ, ರೈತರೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿಯನ್ನು ಬಲಪಡಿಸಿದನು. ಇಂಗ್ಲಿಷ್ ಪುಸ್ತಕದ ‘ರೈಯತ್’ ನಮ್ಮ ರೈತನೇ. ‘ಪಾಲಿಗಾರ್’ ನಮ್ಮ ಪಾಳೆಯಗಾರನೇ. ‘ಜಮಾಬಂದಿ’ ನಮ್ಮ ಅಜ್ಜಂದಿರು ಬಲ್ಲ ಮಾತೇ. ಬಿಟ್ಟುಕೊಟ್ಟ ಸೀಮೆಗೆ ಇಂಗ್ಲಿಷರು ಸೀಡೆಡ್ ಡಿಸ್ಟ್ರಿಕ್ಟ್ಸ್ ಎಂದರು. ತೆಲುಗಿನಲ್ಲಿ ‘ದತ್ತ ಮಂಡಲಾಲು’ ಎಂದಾಯಿತು. ದತ್ತವೆಂದೊಡನೆ ನಮ್ಮ ಮಗುವಿಗೆ ದತ್ತುಮಗನೋ ದೇವಸ್ಥಾನದ ದತ್ತಿಯೋ ನೆನಪಾಗುತ್ತದೆ. ಯಾರೋ ಯಾರಿಗೋ ಕೊಟ್ಟ ನಾಡೆಂಬ ಈ ಹೆಸರು ಇಲ್ಲಿನವರಿಗೆ ಹಿಡಿಸಲಿಲ್ಲ. 1928ರಲ್ಲಿ ನಂದ್ಯಾಲದಲ್ಲಿ ಸೇರಿದ ಸಭೆಯಲ್ಲಿ ‘ರಾಯಲಸೀಮೆ’ ಎಂಬ ಹೆಸರು ಅಂಗೀಕೃತವಾಯಿತು. ಒಂದು ಶಬ್ದವನ್ನು ಬಿಟ್ಟು ಇನ್ನೊಂದನ್ನು ಹಿಡಿದುದರಲ್ಲಿಯೇ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸ ಅಡಗಿದೆ. ಇಂತಹ ಪಾಠಕ್ಕೆ ನಿಘಂಟು ಸಾಲದು. ಉಪಾಧ್ಯಾಯರ ಬಾಯಿಮಾತೇ ಬೇಕು.

ನೆಲವೂ ನಮಗೆ ಸಹಾಯಕವಾಗಿದೆ. ಸಾಮಂತನೆಂದರೆ ಯಾರೆಂಬುದನ್ನು ತಿಳಿಸಲು ಯೂರೋಪಿಗೆ ಹೋಗಬೇಕೆ? ಮಡಕಶಿರಾ ಸೀಮೆಯ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ರಾಷ್ಟ್ರಕೂಟರಿಗೂ ಗಂಗರಿಗೂ ಒಮ್ಮೆ ತಲೆಬಾಗಿ, ಒಮ್ಮೆ ತಲೆಯೆತ್ತಿ ಬಾಳಿದ ಅರಸರವರು. ಗಂಗರ ಮಾರಸಿಂಹನು ‘ನೊಳಂಬಕುಲಾಂತಕ’ನೆಂಬ ಬಿರುದು ಧರಿಸಿದನೆಂದರೆ ಆ ಸಂಬಂಧದ ಸ್ವರೂಪ ತಾನೇ ತಿಳಿಯುತ್ತದೆ. ನೀರಾವರಿಯ ಶಬ್ದಗಳಿಗೆ ಗೌರಿಬಿದನೂರು ಕಡೆಯ 1388ರ ಕನ್ನಡ ಶಾಸನವಿದೆ. ಪ್ರಜೆಗಳಿಗೆ ನೀರೇ ಜೀವವೆಂದು ಬಗೆದು ಹೆನ್ನೆ ನದಿಯ ನೀರನ್ನು ಪೆನುಗೊಂಡೆಗೆ ತರಿಸಲು ವಿಜಯನಗರದ ರಾಜಕುಮಾರನು ಆಜ್ಞಾಪಿಸಿದನೆಂದೂ, ಜಲಸೂತ್ರ ಬಲ್ಲ ಸಿಂಗಾಯಭಟ್ಟನು ಸಿರುವರದ ಕೆರೆಗೆ ಕಾಲುವೆ ತಂದನೆಂದೂ ಅದು ಹೇಳುತ್ತದೆ. ಕೆನಾಲ್, ಟ್ಯಾಂಕ್, ಎಂಜಿನಿಯರ್ ಎಂಬ ಮೂರೂ ಶಬ್ದಗಳು ಈ ಒಂದು ಶಾಸನದಲ್ಲಿಯೇ ದೊರೆತವು. ಹೆನ್ನೆಯೇ ಪೆನ್ನಾ ನದಿ. ಹಳ್ಳಿ-ಪಲ್ಲೆ, ಹಾಲು-ಪಾಲು, ಹೆನ್ನೆ-ಪೆನ್ನಾ ಎಂದು ಜೋಡಿಸಿದರೆ ತೆಲುಗು ಕನ್ನಡಗಳ ಬಾಂಧವ್ಯವೂ ಮಕ್ಕಳಿಗೆ ಮನದಟ್ಟಾಗುವುದು. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯಲ್ಲಿಯೂ ಕನ್ನಡ ಶಾಸನಗಳಿವೆ. ಅಲ್ಲಿ ಕಲ್ಲು ಹೇಳುವುದು ಶಾಸನ, ಜನ ಹೇಳುವುದು ಐತಿಹ್ಯ. ಇವೆರಡರ ಭೇದವನ್ನು ಬೋಧಿಸಲು ಅದಕ್ಕಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲ.

ಬೋಧನಾಕ್ರಮದ ವಿಷಯದಲ್ಲಿ ಕೆಲವು ಸೂಚನೆಗಳು. ಒಂದು ಪಾಠಕ್ಕೆ ಐದಾರು ಶಬ್ದಗಳಿಗಿಂತ ಹೆಚ್ಚು ಬೇಡ. ಯಾವುದಿಲ್ಲದೆ ಪಾಠ ನಿಲ್ಲದೋ ಅದನ್ನೇ ಆರಿಸಬೇಕು. ಪಾಠ ಓದುವ ಮೊದಲೇ ಅವನ್ನು ಕನ್ನಡದಲ್ಲಿ ವಿವರಿಸಬೇಕು. ನೋಟುಪುಸ್ತಕದಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಎಂದು ಮೂರು ಕಲಮುಗಳಿರಲಿ. ನಾಲ್ಕನೆಯದರಲ್ಲಿ ಮಗುವು ತನ್ನ ಊರಿನ ಉದಾಹರಣೆಯೊಂದನ್ನು ಬರೆಯಲಿ. ಅರ್ಥ ಬೇರೆಯಾಗುವ ಶಬ್ದಗಳಿಗೆ ಕೆಂಪು ಗೆರೆ ಎಳೆಸಬೇಕು. ಹೊಸ ಇಂಗ್ಲಿಷ್ ಶಬ್ದವನ್ನು ಬರೆಯುವ ಮೊದಲು ಪೂರ್ಣ ವಾಕ್ಯದಲ್ಲಿ ಆಡಿಸಬೇಕು; ವಾರ ಕಳೆದ ಮೇಲೆ ಮತ್ತೊಮ್ಮೆ ಕೇಳಬೇಕು. ಬಿಕಾಸ್, ದೇರ್‌ಫೋರ್, ಆಲ್ದೋ ಮೊದಲಾದ ಸಣ್ಣ ಮಾತುಗಳನ್ನು ಕಡೆಗಣಿಸಲಾಗದು. ಘಟನೆಗೆ ಘಟನೆಯನ್ನು ಕಟ್ಟುವ ಹಗ್ಗಗಳು ಅವೇ. ಕಾರಣವನ್ನೂ ಪರಿಣಾಮವನ್ನೂ ಬೇರ್ಪಡಿಸಲಾರದವನಿಗೆ ಇಸವಿಗಳ ಪಟ್ಟಿ ಇದ್ದೇನು ಫಲ?

ಇದು ಒಬ್ಬಿಬ್ಬರಿಂದ ಮುಗಿಯುವ ಕೆಲಸವಲ್ಲ. ಕನ್ನಡ ಬಲ್ಲ ಉಪಾಧ್ಯಾಯರೂ ತೆಲುಗು ಬಲ್ಲ ಉಪಾಧ್ಯಾಯರೂ ಒಟ್ಟಿಗೆ ಕುಳಿತು, ಆರನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಇತಿಹಾಸ ಪಾಠಗಳ ಶಬ್ದಗಳನ್ನು ಆರಿಸಿ, ತ್ರಿಭಾಷಾ ಶಬ್ದಪಟ್ಟಿಯೊಂದನ್ನು ಸಿದ್ಧಪಡಿಸುವುದು ಅವಶ್ಯ. ನಮ್ಮ ಸಂಘವು ಇದನ್ನು ಕೈಗೊಂಡರೆ ಗಡಿಯ ಮಕ್ಕಳಿಗೆ ಅಂಕಗಳಿಗಿಂತ ಹೆಚ್ಚಿನ ಲಾಭವೊಂದು ದೊರೆಯುತ್ತದೆ. ಪುಸ್ತಕದ ಇತಿಹಾಸ ಎಲ್ಲಿಯೋ ಯಾರದೋ ಅಲ್ಲ, ತಾವು ನಿಂತ ನೆಲದ್ದೇ ಎಂಬ ಅರಿವು ಅವರಿಗೆ ಉಂಟಾಗುತ್ತದೆ.