ತಾಲೂಕು ಊರುಗಳಲ್ಲಿ ಮಿಂಚಂಚೆ: ಒಂದು ಸಮೀಕ್ಷೆ

ಕರ್ನಾಟಕದಲ್ಲಿ ಅಂತರಜಾಲವು ಬೆಳೆದುಬಂದ ಬಗೆಯನ್ನು ಬರೆಯಹೊರಟವರು ಬೆಂಗಳೂರಿನಿಂದ ಆರಂಭಿಸಿ ಬೆಂಗಳೂರಿನಲ್ಲಿಯೇ ಮುಗಿಸುವುದು ರೂಢಿಯಾಗಿಬಿಟ್ಟಿದೆ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಂತಹ ಊರುಗಳಿಗೆ ಆ ಬರವಣಿಗೆಯಲ್ಲಿ ಸ್ಥಾನವಿಲ್ಲ. ವಾಟ್ಸಾಪ್ ಬಂದ ಮೇಲೆ ಮಿಂಚಂಚೆಯ ಕಾಲ ಮುಗಿಯಿತು, ಹಳ್ಳಿಯವರಿಗಂತೂ ಅದರ ಅವಶ್ಯಕತೆಯೇ ಇಲ್ಲ ಎಂಬ ಇನ್ನೊಂದು ಅಭಿಪ್ರಾಯವೂ ಈಚೆಗೆ ಪ್ರಚಾರದಲ್ಲಿದೆ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ಸೀಮೆಯ ಆನ್‌ಲೈನ್ ಸೆಂಟರುಗಳಲ್ಲಿ ಕುಳಿತು ಜನರ ಅರ್ಜಿಗಳನ್ನು ತುಂಬಿಕೊಟ್ಟವನಿಗೆ ಈ ಎರಡೂ ವಸ್ತುಸ್ಥಿತಿಗೆ ದೂರವಾಗಿ ತೋರುವುದರಿಂದ, ನಮ್ಮ ಕಡೆ ಮಿಂಚಂಚೆಯೂ ಅದರೊಡನೆ ಬಂದ ಸರಳ ಸಾಧನಗಳೂ ನಡೆದ ಹಾದಿಯನ್ನು ಕ್ರಮವಾಗಿ ನಿರೂಪಿಸುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲ ಘಟ್ಟಗಳನ್ನು ಸಂಗ್ರಹವಾಗಿ ಹೇಳಿದರೆ ಸಾಕು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದುದು, 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆಯು ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದುದು, 1996ರ ಜುಲೈ 4ರಂದು ಹಾಟ್‌ಮೇಲ್ ಹುಟ್ಟಿದುದು, ಎಲ್ಲವೂ ಪ್ರಸಿದ್ಧವೇ. ಬೆಂಗಳೂರಿನ ಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ ಕೂಡಿ ಮಾಡಿದ ಆ ಕೆಲಸದ ಮಹತ್ವವು ಅದು ಉಚಿತವಾಗಿದ್ದುದರಲ್ಲಿ ಮಾತ್ರವಿರಲಿಲ್ಲ: ಅದುವರೆಗೆ ಸಂಪರ್ಕ ಕೊಟ್ಟ ಕಂಪನಿಗೇ ಅಂಟಿಕೊಂಡಿದ್ದ ವಿಳಾಸವನ್ನು ಬಿಡಿಸಿ, ಸ್ವಂತ ಗಣಕವಿಲ್ಲದವನೂ ಯಾವ ಊರಿನ ಯಾವ ಗಣಕದಿಂದಲಾದರೂ ತನ್ನ ಪತ್ರವನ್ನು ಓದುವಂತೆ ಅದು ಮಾಡಿತು. ಸೈಬರ್ ಕೆಫೆಯೊಂದನ್ನೇ ನೆಚ್ಚಿದ್ದ ನಮ್ಮವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನಾವುದೂ ಆಗಿಲ್ಲ. ಯಾಹೂ, ರೆಡಿಫ್‌ಮೇಲ್‌ಗಳು ಅದೇ ಹಾದಿಯಲ್ಲಿ ಬಂದವು.

ನಮ್ಮ ಪೀಳಿಗೆಯ ಕಾರ್ಯ ಮೊದಲಾದುದು ಇಲ್ಲಿಂದಲೇ. ದೂರವಾಣಿಯ ತಂತಿಯ ಮೇಲೆ ಡಯಲ್ ಮಾಡಿ ಪಡೆಯುತ್ತಿದ್ದ ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಸಂಪರ್ಕದ ವೇಗವು ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಒಂದು ಎಂಬಿಯ ಕಡತವನ್ನು ಇಳಿಸಿಕೊಳ್ಳಲು, ತಂತಿ ನಡುವೆ ಕಡಿಯದಿದ್ದರೂ, ಎರಡೂವರೆ ನಿಮಿಷ ಬೇಕಾಗುತ್ತಿತ್ತು. ಹಾಟ್‌ಮೇಲ್ ಕೊಡುತ್ತಿದ್ದ ಜಾಗ 2 ಎಂಬಿ. ಅದೂ ಮೂವತ್ತು ದಿನ ಒಳಹೊಕ್ಕು ನೋಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತಿತ್ತು. ಸುಗ್ಗಿಯ ದಿನಗಳಲ್ಲಿ ತಿಂಗಳುಗಟ್ಟಲೆ ಪೇಟೆಯ ಮುಖ ನೋಡದ ರೈತನ ಮಗನಿಗೆ ಆ ನಿಯಮವು ಎಷ್ಟು ಕಠೋರವೆಂಬುದು ಅದನ್ನು ರೂಪಿಸಿದವರಿಗೆ ತಿಳಿದಿರಲಾರದು.

ಕನ್ನಡದ ತೊಡಕು ಇದಕ್ಕಿಂತ ಗಹನವಾಗಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವೂ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದು ಕನ್ನಡದ ಬೆರಳಚ್ಚು ಸುಲಭವಾಯಿತು. ಆದರೆ ಧಾರವಾಡದಲ್ಲಿ ನುಡಿಯಲ್ಲಿ ಬರೆದ ಪತ್ರವನ್ನು ಕುಂದಗೋಳದಲ್ಲಿ ತೆರೆದಾಗ, ಆ ಗಣಕದಲ್ಲಿ ಅದೇ ಫಾಂಟು ಇರದಿದ್ದರೆ, ಕನ್ನಡದ ಒಂದಕ್ಷರವೂ ಕಾಣದೆ ಕೊಂಬು ಚುಕ್ಕೆಗಳಿಂದ ಕೂಡಿದ ರೋಮನ್ ಲಿಪಿಯ ಸಾಲುಗಳೇ ತೆರೆಯ ತುಂಬ ಹರಡಿಕೊಳ್ಳುತ್ತಿದ್ದವು. ಪತ್ರದೊಡನೆ ಫಾಂಟನ್ನೂ ಲಗತ್ತಿಸುವುದು, ಬರಹ ಸಾಕಾಗುವಲ್ಲಿ ಚಿತ್ರವನ್ನು ಕಳುಹಿಸದಿರುವುದು, ಚಿತ್ರ ಬೇಕೇ ಬೇಕಾದರೆ ಕುಗ್ಗಿಸಿ ಕಳುಹಿಸುವುದು, ಈ ಮಿತವ್ಯಯದ ಶಿಸ್ತನ್ನು ತಾಲೂಕು ಊರುಗಳ ಸೆಂಟರಿನವರು ಯಾರ ಉಪದೇಶವೂ ಇಲ್ಲದೆ ತಾವೇ ಕಂಡುಕೊಂಡರು. ಇಂದು ನಗರದ ತಂತ್ರಜ್ಞರು ಹಗುರವಾದ ಪುಟಗಳ ಮಹಿಮೆಯನ್ನು ಹೊಸ ಶೋಧವೆಂಬಂತೆ ವರ್ಣಿಸುವಾಗ ಈ ಪೂರ್ವಿಕರ ಸ್ಮರಣೆಯೂ ನಡೆಯುವುದು ನ್ಯಾಯ.

ಇದೇ ಕಾಲದಲ್ಲಿ ಸರಕಾರದ 'ಭೂಮಿ' ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು, ಎಂದರೆ ನಮ್ಮ ಕಡೆಯವರು ಉತಾರವೆನ್ನುವ ಜಮೀನು ದಾಖಲೆಗಳನ್ನು, ಗಣಕಕ್ಕೆ ಏರಿಸಿತು. ಆಗ ಅಣ್ಣಿಗೇರಿಯು ನವಲಗುಂದ ತಾಲೂಕಿಗೇ ಸೇರಿದ್ದುದರಿಂದ ಅಲ್ಲಿಯ ರೈತರು ಉತಾರಕ್ಕಾಗಿ ನವಲಗುಂದದ ತಾಲೂಕು ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕಾಗಿತ್ತು. ಆದರೂ ಕೈಬರಹದ ಉತಾರಕ್ಕೆ ದಿನಗಟ್ಟಲೆ ಅಲೆಯುತ್ತಿದ್ದವರು ನಿಂತ ನಿಲುವಿನಲ್ಲಿಯೇ ಅಚ್ಚಾದ ಪ್ರತಿಯನ್ನು ಪಡೆದುದರಿಂದ ಗಣಕದ ವಿಷಯದಲ್ಲಿ ಹುಟ್ಟಿದ ವಿಶ್ವಾಸವೇ ಮುಂದಿನ ಎಲ್ಲ ಸೇವೆಗಳಿಗೂ ಬುನಾದಿಯಾಯಿತು.

2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಜಾಗದೊಡನೆ ಬಂದುದು ಯುಗಾಂತರವೇ ಸರಿ. ಅದು ಯುನಿಕೋಡ್ ಸಂಕೇತಪದ್ಧತಿಯನ್ನು ಬಳಸಿದುದರಿಂದ ಫಾಂಟಿನ ಕಾಟ ತಪ್ಪಿತು. 2009ರಲ್ಲಿ ಪತ್ರ ಬರೆಯುವ ಚೌಕದಲ್ಲಿಯೇ ಲಿಪ್ಯಂತರದ ಮೂಲಕ ಕನ್ನಡವನ್ನು ಮೂಡಿಸುವ ಅನುಕೂಲವೂ ದೊರೆಯಿತು. ಆದರೆ ನಮ್ಮ ಪಾಲಿಗೆ ಅದರ ಅತ್ಯಂತ ಅಮೂಲ್ಯವಾದ ಅಂಗವೆಂದರೆ ಸಾದಾ ಎಚ್‌ಟಿಎಂಎಲ್ ನೋಟ. ಎಡಗಡೆ ನಾಲ್ಕಾರು ಕೊಂಡಿಗಳು, ಬಲಗಡೆ ಒಂದರ ಕೆಳಗೊಂದು ಪತ್ರದ ಸಾಲುಗಳು, ಪ್ರತಿಯೊಂದರ ಮುಂದೆ ಗುರುತು ಹಾಕಲು ಒಂದು ಪುಟ್ಟ ಚೌಕ. ಇಷ್ಟರಲ್ಲಿಯೇ ಮುಗಿಯುತ್ತಿದ್ದ ಆ ಪುಟವು ಕಲಘಟಗಿಯ ಕಾಡಂಚಿನ ಊರುಗಳಲ್ಲಿ ಸಿಗುವ ಎಳೆಯಷ್ಟು ಸಂಪರ್ಕದಲ್ಲಿಯೂ ತೆರೆದುಕೊಳ್ಳುತ್ತಿತ್ತು. 2024ರಲ್ಲಿ ಗೂಗಲ್ ಅದನ್ನು ಹಿಂತೆಗೆದುಕೊಂಡಿತು. ಬಳಸುವವರು ಕಡಮೆಯಾದರೆಂಬ ಕಾರಣಕ್ಕೆ ಇಂತಹುದನ್ನು ತೆಗೆಯಬಾರದು. ಆ ಕೆಲವರಿಗೆ ಬೇರೆ ದಾರಿ ಇದೆಯೇ ಎಂಬುದನ್ನೂ ನೋಡಬೇಕು.

2016ರ ಜಿಯೋ ಸಂಪರ್ಕದ ಅನಂತರ ಡೇಟಾ ಅಗ್ಗವಾಯಿತು. ಆದರೆ ಕಾಗದಪತ್ರಗಳ ಭಾರ ಇಳಿಯಲಿಲ್ಲ. ವಿದ್ಯಾರ್ಥಿವೇತನ, ಸಿಇಟಿ, ನೌಕರಿ, ಬೆಳೆವಿಮೆ, ಒಂದೊಂದು ಅರ್ಜಿಗೂ ಒಂದೊಂದು ಅಳತೆ: ಫೋಟೋ ಇಷ್ಟು ಕೆಬಿಯೊಳಗೆ, ಸಹಿ ಇನ್ನೂ ಕಡಮೆ, ಅಂಕಪಟ್ಟಿಗಳೆಲ್ಲ ಒಂದೇ ಪಿಡಿಎಫ್‌ನಲ್ಲಿ. ಐಲವ್‌ಪಿಡಿಎಫ್, ಸ್ಮಾಲ್‌ಪಿಡಿಎಫ್‌ನಂತಹ ಒಂದೇ ಕೆಲಸದ ತ್ವರಿತ ಸಾಧನಗಳೂ, ನುಡಿಯ ಹಳೆಯ ಕಡತವನ್ನು ಯುನಿಕೋಡಿಗೆ ತರುವ ಪರಿವರ್ತಕಗಳೂ ನಮ್ಮ ದಿನಚರಿಯ ಅಂಗವಾದುದು ಈ ಕಾರಣದಿಂದಲೇ. ಅವುಗಳಲ್ಲಿ ಎರಡು ಜಾತಿಗಳುಂಟೆಂಬುದನ್ನು ಮಾತ್ರ ಬಹುಮಂದಿ ಗಮನಿಸುವುದಿಲ್ಲ: ಕೆಲವು ಕಡತವನ್ನು ದೂರದ ಸರ್ವರಿಗೆ ಕಳುಹಿಸಿ ಕುಗ್ಗಿಸುತ್ತವೆ; 2018ರ ಸ್ಕ್ವೂಶ್‌ನಂತಹ ಕೆಲವು ನಮ್ಮ ಗಣಕದ ಬ್ರೌಸರಿನಲ್ಲಿಯೇ ಆ ಕೆಲಸವನ್ನು ಮುಗಿಸುತ್ತವೆ. ಆಧಾರ್ ಕಾರ್ಡಿನ ಚಿತ್ರವನ್ನು ಕುಗ್ಗಿಸಬೇಕಾದಾಗ ಎರಡನೆಯ ಜಾತಿಯನ್ನೇ ಆರಿಸುವುದು ವಿವೇಕ.

ಇನ್ನು ಯಾವ ಮೇಲ್ ಉತ್ತಮವೆಂಬ ಪ್ರಶ್ನೆ. ಜಿಮೇಲ್‌ನ 15 ಜಿಬಿಯನ್ನು ಪತ್ರಗಳೂ ಮೊಬೈಲಿನ ಫೋಟೋಗಳೂ ಹಂಚಿಕೊಳ್ಳುತ್ತವೆ. ಮದುವೆ ಜಾತ್ರೆಗಳ ಚಿತ್ರಗಳಿಂದ ಅದು ತುಂಬಿತೆಂದರೆ ಸಂದರ್ಶನದ ಕರೆಪತ್ರವೂ ಒಳಬರುವುದಿಲ್ಲ. ಔಟ್‌ಲುಕ್ ಪತ್ರಗಳ ಜಾಗವನ್ನು ಪ್ರತ್ಯೇಕವಾಗಿಟ್ಟರೂ, ಅವುಗಳ ಲಗತ್ತುಗಳನ್ನು ಇತರ ಕಡತಗಳ ಜಾಗದಲ್ಲಿಯೂ ಲೆಕ್ಕಹಾಕುತ್ತದೆ. ಚೆನ್ನೈಯ ಝೋಹೋ ತನ್ನ ಮೇಲ್ ಸೇವೆಯಲ್ಲಿ ಜಾಹೀರಾತು ತೋರಿಸುವುದಿಲ್ಲ; ಕೇಂದ್ರ ಸರಕಾರದ ನೌಕರರ ಮಿಂಚಂಚೆಯನ್ನು ಈಗ ಅದೇ ನಡೆಸುತ್ತಿದೆ. 2014ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪ್ರೋಟಾನ್ ಗೋಪ್ಯತೆಗೆ ಹೆಸರಾದರೂ, ಅದನ್ನು ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕರ್ನಾಟಕ ಉಚ್ಚ ನ್ಯಾಯಾಲಯವು 2025ರ ಏಪ್ರಿಲಿನಲ್ಲಿ ಕೇಂದ್ರಕ್ಕೆ ನಿರ್ದೇಶಿಸಿತ್ತು. ಸರಕಾರಿ ಅರ್ಜಿಗೆ ಅದನ್ನು ಕೊಡುವವರು ಇದನ್ನು ನೆನಪಿನಲ್ಲಿಡಬೇಕು.

ಆದರೆ ಜಾಗ, ಅಂದ, ಹೆಸರು ಇವಾವುವೂ ನಮ್ಮ ಜನರ ನಿಜವಾದ ಕೊರತೆಯನ್ನು ಮುಟ್ಟುವುದಿಲ್ಲ. ಅರ್ಜಿಯ ಅವಸರದಲ್ಲಿ ಎಷ್ಟೋ ಸೆಂಟರುಗಳು ತಮ್ಮದೇ ಮೊಬೈಲ್ ನಂಬರು ಹಾಕಿ ಹುಡುಗನ ಮೇಲ್ ಐಡಿಯನ್ನು ತೆರೆಯುತ್ತವೆ. ಪಾಸ್‌ವರ್ಡು ಯಾವುದೋ ಝೆರಾಕ್ಸ್ ಪ್ರತಿಯ ಬೆನ್ನಿನ ಮೇಲೆ ಉಳಿಯುತ್ತದೆ. ಮೂರು ವರ್ಷಗಳ ಮೇಲೆ ಅದೇ ಹುಡುಗ ಬಂದು, "ಸರ, ಐಡಿ ಐತ್ರಿ, ಪಾಸ್‌ವರ್ಡ್ ಯಾರ ಕಡೆ ಐತೋ ಗೊತ್ತಿಲ್ರಿ" ಎನ್ನುತ್ತಾನೆ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿರುವುದರಿಂದ ಆ ಐಡಿಯೂ ಉಳಿದಿರುವ ಭರವಸೆಯಿಲ್ಲ. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರಿಗೂ ನವಲಗುಂದದಲ್ಲಿ ಜಮಖಾನೆ ನೇಯುವ ಹೆಣ್ಣುಮಕ್ಕಳಿಗೂ ಗಿರಾಕಿಯ ಮಾತು ವಾಟ್ಸಾಪಿನಲ್ಲಿ ಬರಬಹುದು. ಆದರೆ ಜಿಎಸ್‌ಟಿ ನೋಂದಣಿ ಮಾಡಿಸಹೋದರೆ ಕೇಳುವುದು ಮೇಲ್ ಐಡಿಯನ್ನೇ. ಮೊಬೈಲ್ ನಂಬರು ಬದಲಾದರೂ ಬದಲಾಗದೆ ನಿಲ್ಲಬೇಕಾದ ವಿಳಾಸ ಅದು.

ಆಗಬೇಕಾದ ಕೆಲಸಗಳು ಎರಡು. ಕನ್ನಡ ಲಿಪಿಯಲ್ಲಿಯೇ ಮಿಂಚಂಚೆಯ ವಿಳಾಸ ಬರೆಯಲು ಬೇಕಾದ ಅಂತರರಾಷ್ಟ್ರೀಯ ನಿಯಮಗಳು 2012ರಲ್ಲಿಯೇ ಸಿದ್ಧವಾಗಿದ್ದು, 2014ರಿಂದ ಜಿಮೇಲ್ ಅಂತಹ ವಿಳಾಸಗಳೊಡನೆ ವ್ಯವಹರಿಸಬಲ್ಲದಾಗಿದ್ದರೂ, ನಮ್ಮ ತಾಲೂಕಿನ ಯಾವ ಅರ್ಜಿಯಲ್ಲಿಯೂ ನಾನು ಅದನ್ನು ಕಂಡಿಲ್ಲ. ಸರಕಾರಿ ತಾಣಗಳೇ ಮೊದಲು ಅದನ್ನು ಒಪ್ಪಬೇಕು. ಎರಡನೆಯದಾಗಿ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಹತ್ತನೆಯ ತರಗತಿಯ ಪ್ರತಿಯೊಂದು ಮಗುವೂ ಮನೆಯವರ ನಂಬರಿನಿಂದ ತನ್ನ ಖಾತೆಯನ್ನು ತಾನೇ ತೆರೆದು, ಮರುಪಡೆಯುವ ಕೋಡುಗಳನ್ನು ಅಚ್ಚು ಹಾಕಿಸಿ, ಅಂಕಪಟ್ಟಿಯೊಡನೆ ಕಾಯ್ದಿಡುವಂತೆ ಕಲಿಸಬೇಕು. ಇದಕ್ಕೆ ಹೊಸ ಯೋಜನೆಯೂ ದೊಡ್ಡ ಹಣವೂ ಬೇಡ. ಒಂದು ಮಧ್ಯಾಹ್ನ, ಒಂದು ಗಣಕ, ತಿಳಿದ ಒಬ್ಬರು ಇದ್ದರೆ ಸಾಕು. ಯಾವ ಕಂಪನಿಯ ಮೇಲ್ ಎಂಬುದು ಆಮೇಲಿನ ಮಾತು. ಅದರ ಕೀಲಿಕೈ ಆ ಮಗುವಿನ ಕೈಯಲ್ಲಿಯೇ ಇರಬೇಕೆಂಬುದು ಮೊದಲ ಮಾತು.