ಸಾವಳಗಿಯ ಕಿರಾಣಿ ಅಂಗಡಿಯಿಂದ ರಾಷ್ಟ್ರಪತಿ ಭವನಕ್ಕೆ

ಡೋಣಿಯ ಎರೆಭೂಮಿಯಲ್ಲಿ ನೆಲೆಸಿರುವ ಸಾರವಾಡದ ಸದ್ಭಕ್ತರಿಗೆ ಜಮಖಂಡಿ ತಾಲೂಕಿನ ಸಾವಳಗಿ ದೂರದ ಊರೇನೂ ಅಲ್ಲ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರ್ಪಡುವವರೆಗೆ ಎರಡೂ ಊರುಗಳು ಒಂದೇ ವಿಜಾಪುರ ಜಿಲ್ಲೆಯವಾಗಿದ್ದವು. ಆ ಸಾವಳಗಿಯ ಬಡ ಕಿರಾಣಿ ವ್ಯಾಪಾರಿಯೊಬ್ಬರ ಮಗನು ಈ ರಾಷ್ಟ್ರದ ಪರಮೋಚ್ಚ ಪೀಠದಲ್ಲಿ ಐದು ತಿಂಗಳಿಗೂ ಹೆಚ್ಚು ಕಾಲ ಕುಳಿತಿದ್ದರೆಂಬ ಸಂಗತಿಯನ್ನು ನಮ್ಮ ತರುಣರಲ್ಲಿ ಎಷ್ಟು ಜನ ಬಲ್ಲರು?

ಬಸಪ್ಪ ದಾನಪ್ಪ ಜತ್ತಿಯವರು ಜನಿಸಿದ್ದು 1912ರ ಸೆಪ್ಟೆಂಬರ್ 10ರಂದು. ತಂದೆ ದಾನಪ್ಪನವರು, ತಾಯಿ ಸಂಗಮ್ಮನವರು. ಊರ ಕೊನೆಯಲ್ಲಿ, ಸ್ಮಶಾನದ ಮಗ್ಗುಲಿನಲ್ಲಿ ಅವರ ಚಿಕ್ಕ ಮನೆ. ಅಂಗಡಿಯ ಅಲ್ಪ ಆದಾಯದಲ್ಲಿಯೇ ಸಂಸಾರ ಸಾಗಬೇಕಾಗಿತ್ತು. ಸಾವಳಗಿ ಆಗ ಪಟವರ್ಧನ ಅರಸರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಜನರ ನುಡಿ ಕನ್ನಡ, ಕಚೇರಿಯ ನುಡಿ ಮರಾಠಿ. ಇಂತಹ ಪರಿಸರದಿಂದ ಹೊರಟ ಬಾಲಕನು ವಿಜಾಪುರದ ಸರಕಾರಿ ಹೈಸ್ಕೂಲಿನಲ್ಲಿಯೂ, ಮುಂದೆ ಕೊಲ್ಲಾಪುರದ ರಾಜಾರಾಮ ಕಾಲೇಜು ಹಾಗೂ ಸೈಕ್ಸ್ ಕಾಯಿದೆ ಕಾಲೇಜಿನಲ್ಲಿಯೂ ಓದಿ ವಕೀಲನಾದನು. ಡಾ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಚನಗಳನ್ನು ಅಚ್ಚಿಗೆ ತರುತ್ತಿದ್ದುದೂ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದುದೂ ಅದೇ ದಶಕದ ಮಾತು.

ಜತ್ತಿಯವರ ಸಾರ್ವಜನಿಕ ಜೀವನ ಆರಂಭವಾದದ್ದು 1940ರಲ್ಲಿ, ಜಮಖಂಡಿ ಪುರಸಭೆಯ ಸದಸ್ಯತ್ವದಿಂದ. 1945ರಲ್ಲಿ ಅದರ ಅಧ್ಯಕ್ಷರಾದರು. ಅನಂತರ ಸಂಸ್ಥಾನದ ಮಂತ್ರಿ, ಮುಖ್ಯಮಂತ್ರಿ. 1948ರ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ, ಅಧಿಕಾರವನ್ನು ತೊರೆದು ತಮ್ಮ ವಕೀಲಿಗೆ ಮರಳಿದರು. ಬಳಿಕ ಬಿ. ಜಿ. ಖೇರರ ಪಾರ್ಲಿಮೆಂಟರಿ ಕಾರ್ಯದರ್ಶಿಯಾಗಿ, 1952ರ ಚುನಾವಣೆಯ ತರುವಾಯ ಮುಂಬಯಿ ಸರಕಾರದ ಉಪಮಂತ್ರಿಯಾಗಿ ದುಡಿದರು.

ಕರ್ನಾಟಕ ಏಕೀಕರಣದ ಬಳಿಕ ಅವರು ಭೂಸುಧಾರಣಾ ಸಮಿತಿಯ ಅಧ್ಯಕ್ಷರಾದರು. ಆ ಸಮಿತಿಯ ವರದಿಯೇ 1961ರ ಮೈಸೂರು ಭೂಸುಧಾರಣಾ ಶಾಸನಕ್ಕೆ ತಳಹದಿ. 1958ರ ಮೇ 16ರಿಂದ 1962ರ ಮಾರ್ಚ್ 9ರವರೆಗೆ ಮುಖ್ಯಮಂತ್ರಿಯಾಗಿದ್ದವರೂ ಅವರೇ. ಆದರೆ ಶಾಸನ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗೇಣಿದಾರನಿಗೆ ನಿಜವಾದ ಬಲ ದೊರೆತದ್ದು 1974ರ ತಿದ್ದುಪಡಿಯಿಂದ. ಆದುದರಿಂದ ಕೀರ್ತಿಯೆಲ್ಲ ಜತ್ತಿಯವರದೇ ಎಂದರೆ ಅತಿಶಯೋಕ್ತಿಯಾದೀತು. ಅಡಿಗಲ್ಲು ಅವರದೆಂಬುದನ್ನು ಮರೆತರೆ ಕೃತಘ್ನತೆಯಾದೀತು.

ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒರಿಸ್ಸಾದ ರಾಜ್ಯಪಾಲ ಪದವಿಗಳ ಬಳಿಕ 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ಆಕಸ್ಮಿಕವಾಗಿ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯ ಹೊಣೆ ಜತ್ತಿಯವರ ಹೆಗಲೇರಿತು. ತುರ್ತು ಪರಿಸ್ಥಿತಿಯ ಸಮಾಪ್ತಿ ಮಾರ್ಚ್ 21ರಂದು ಅವರ ಕಾಲದಲ್ಲಿಯೇ ಆಯಿತು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ.

ನಿಜವಾದ ಸತ್ವಪರೀಕ್ಷೆ ಏಪ್ರಿಲ್‌ನಲ್ಲಿ ಒದಗಿತು. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರಕಾರ ನಿರ್ಧರಿಸಿತು. ರಾಜ್ಯಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಅಲ್ಲಿ ಅವುಗಳಿಗೆ ಜಯ ದೊರೆಯಲಿಲ್ಲ. ಸಚಿವ ಸಂಪುಟದ ಸಲಹೆ ಮುಂದೆ ಬಂದಾಗ ಜತ್ತಿಯವರು ಕೂಡಲೇ ಸಹಿ ಮಾಡದೆ ವಿಚಾರಕ್ಕೆ ಅವಕಾಶ ಬೇಡಿದರು. ದಿಲ್ಲಿಯಲ್ಲಿ ಕೋಲಾಹಲವೆದ್ದಿತು. ಹಳೆಯ ಪಕ್ಷದ ಮೋಹದಿಂದ ತಡೆದರೆಂದು ಕೆಲವರು ಜರಿದರು. ಏಪ್ರಿಲ್ 30ರಂದು ಸಹಿ ಬಿದ್ದಿತು.

ಈ ತಡವನ್ನು ದೌರ್ಬಲ್ಯವೆನ್ನುವುದು ನನಗೆ ಸರಿದೋರದು. 1976ರ 42ನೆಯ ತಿದ್ದುಪಡಿಯಂತೆ ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧನಾಗಿದ್ದನು. ಮರುಪರಿಶೀಲನೆಗೆ ಕಳಿಸುವ ಅಧಿಕಾರವು ಸಂವಿಧಾನದ ಅಕ್ಷರದಲ್ಲಿ ಇರಲಿಲ್ಲ. ಒಮ್ಮೆ ಹಿಂದಕ್ಕೆ ಕಳಿಸಿ ಮತ್ತೊಮ್ಮೆ ವಿಚಾರಿಸಿರೆಂದು ಹೇಳುವ ಹಕ್ಕು ಬರೆಯಲ್ಪಟ್ಟದ್ದು 1978ರ 44ನೆಯ ತಿದ್ದುಪಡಿಯಲ್ಲಿ. ಅದನ್ನು ಅಂಗೀಕರಿಸಿದ್ದು ಅದೇ ಜನತಾ ಸರಕಾರದ ಕಾಲದ ಸಂಸತ್ತು! ಹಾಗೆಂದು ಅವರು ಸರ್ವಥಾ ನಿರ್ದೋಷಿಗಳೆನ್ನಲಾರೆ. ತುರ್ತು ಪರಿಸ್ಥಿತಿಯ ಇಪ್ಪತ್ತೊಂದು ತಿಂಗಳುಗಳ ಬಹುಭಾಗದಲ್ಲಿ, ಹಂಗಾಮಿ ರಾಷ್ಟ್ರಪತಿಯಾಗುವವರೆಗೆ, ಅವರು ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಸಭಾಪತಿ ಪೀಠದಲ್ಲಿಯೇ ಇದ್ದರು. ಏಪ್ರಿಲ್‌ನಲ್ಲಿ ಕಂಡ ಸಂಕೋಚ ಆಗಲೂ ಕಂಡಿದ್ದರೆ ಎನಿಸದಿರದು.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಸ್ಥಾನ ಬಿಟ್ಟುಕೊಟ್ಟು ಮರಳಿ ಉಪರಾಷ್ಟ್ರಪತಿಯಾಗಿ 1979ರವರೆಗೆ ಸೇವೆ ಸಲ್ಲಿಸಿದರು.

ಅಧಿಕಾರದ ಗದ್ದಲದ ನಡುವೆ ಅವರು ಕಟ್ಟಿದ ಇನ್ನೊಂದು ಸಂಸ್ಥೆಯನ್ನು ನಮ್ಮ ಓದುಗರು ಬಲ್ಲರು. 1964ರಲ್ಲಿ ಬೆಂಗಳೂರಿನಲ್ಲಿ ಅವರ ಅಧ್ಯಕ್ಷತೆಯಲ್ಲಿ ಬಸವ ಸಮಿತಿ ಸ್ಥಾಪಿತವಾಯಿತು. ಹಳಕಟ್ಟಿಯವರು ವಿಜಾಪುರದಲ್ಲಿ ತಾಳೆಗರಿಯಿಂದ ಬಿಡಿಸಿ ಕನ್ನಡಿಗರ ಕೈಗಿತ್ತ ವಚನಗಳನ್ನು ಪರಭಾಷೆಗಳ ಓದುಗರಿಗೆ ಮುಟ್ಟಿಸುವ ಕಾಯಕವನ್ನು ಆ ಸಮಿತಿ ಕೈಗೊಂಡಿತು. ಪದವಿಗಳೆಲ್ಲ ಮುಗಿದ ಮೇಲೂ ಜತ್ತಿಯವರು ಅದರ ಕೆಲಸವನ್ನು ಬಿಡಲಿಲ್ಲ. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ಲಿಂಗೈಕ್ಯರಾದರು.